ಜೀರ್ಣವಾದರೆ ವೈದ್ಯರನ್ನು ಕಾಣಿ

ಹಾಸನದ ಒಬ್ಬ ಪ್ರಕಾಶಕರಿಗೆ ನಾನು ಪುಸ್ತಕಗಳ ಕರಡು ತಿದ್ದಿಕೊಡುತ್ತೇನೆ. ನನಗೆ ಕಣ್ಣು ಕಾಣುವುದಿಲ್ಲ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಹೇಳಿದರೆ ಎದುರಿಗಿದ್ದವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಆ ಮೌನ ನನಗೆ ಅಭ್ಯಾಸವಾಗಿದೆ. ನಿಜ ಹೇಳಬೇಕೆಂದರೆ, ಒಂದಿಷ್ಟು ಇಷ್ಟವೂ ಆಗುತ್ತದೆ.

ಕೆಲಸ ನಡೆಯುವ ರೀತಿ ಹೀಗೆ. ಪ್ರಕಾಶಕರು ಪುಸ್ತಕವನ್ನು ಕಂಪ್ಯೂಟರಿಗೆ ಕಳಿಸುತ್ತಾರೆ. ನನ್ನ ಲ್ಯಾಪ್‌ಟಾಪನ್ನು ನಡೆಸುವುದು ಲಿನಕ್ಸ್ ಎಂಬ ಉಚಿತ ತಂತ್ರಾಂಶ. ಅದರೊಳಗೆ ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಒಂದು ದನಿ ಇದೆ. ಕೀಲಿ ಒತ್ತಿದಂತೆ ಅದು ಒಂದೊಂದೇ ಪ್ಯಾರಾ ಓದುತ್ತಾ ಹೋಗುತ್ತದೆ. ಕಣ್ಣಿನಿಂದ ಓದುವವರು ಬಿಟ್ಟುಹೋದ ಅಕ್ಷರವನ್ನು ತಾವೇ ತುಂಬಿಕೊಂಡು ಮುಂದೆ ಹೋಗಿಬಿಡುತ್ತಾರೆ. ಈ ದನಿ ಹಾಗಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಒಂದು ಒತ್ತಕ್ಷರ ತಪ್ಪಿದ್ದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಕಿವಿಗೆ ಕಟಕ್ ಎನ್ನುತ್ತದೆ. ಮೂಲಕ್ಕೆ ನಾನು ಕೈ ಹಚ್ಚುವುದಿಲ್ಲ. ಇಂಥ ಪುಟದ ಇಂಥ ಸಾಲಿನಲ್ಲಿ ಇಂಥ ತಪ್ಪು ಎಂದು ಬೇರೆಯಾಗಿ ಬರೆದು ಕಳಿಸುತ್ತೇನೆ.

ದನಿಯನ್ನು ನಾನು ಬಹಳ ವೇಗವಾಗಿ ಇಟ್ಟುಕೊಂಡಿದ್ದೇನೆ. ಮದುವೆಯಾಗಿ ಹಾನುಬಾಳಿಗೆ ಬಂದ ಹೊಸದರಲ್ಲಿ ನಮ್ಮತ್ತೆ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಅದ್ಯಾವ ಭಾಷೆ ಕಣೇ ಅದು? ಮಿಲ್ಲಲ್ಲಿ ರಾಗಿ ಬೀಸ್ದಂಗೈತೆ" ಅಂದಿದ್ದರು. ಕನ್ನಡವೇ ಎಂದರೆ ನಂಬಲಿಲ್ಲ. ಅವರ ಟೀವಿಗೆ ನನ್ನ ದನಿ, ನನ್ನ ದನಿಗೆ ಅವರ ಟೀವಿ ಅಡ್ಡ ಬರುತ್ತಿದ್ದುದರಿಂದ ಅಂದಿನಿಂದ ನಾನು ಎರಡೂ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡೇ ಕೆಲಸ ಮಾಡುತ್ತೇನೆ.

ಒಂದು ವರ್ಷ ಫೆಬ್ರವರಿಯಲ್ಲಿ ಪ್ರಕಾಶಕರು ಒಂದು ಆರೋಗ್ಯದ ಪುಸ್ತಕ ಕಳಿಸಿದರು. ಹೊಟ್ಟೆಗೆ ಸಂಬಂಧಪಟ್ಟ ಕಾಯಿಲೆಗಳ ಬಗ್ಗೆ ಒಬ್ಬರು ವೈದ್ಯರು ಬರೆದದ್ದು, ಮನೆಮನೆಯಲ್ಲಿ ಇಟ್ಟುಕೊಳ್ಳುವಂಥದ್ದು. ಮೊದಲ ಅಧ್ಯಾಯಗಳನ್ನು ಕೇಳಿ, ತಪ್ಪುಗಳನ್ನು ಬರೆದು ಕಳಿಸಿದೆ. ಮಾರನೆಯ ದಿನ ಅವರ ಫೋನು ಬಂತು.

"ಮೇಡಂ, ಎರಡನೇ ಅಧ್ಯಾಯದಲ್ಲಿ 'ಜೀರ್ಣವಾದರೆ ವೈದ್ಯರನ್ನು ಕಾಣಿ' ಅಂತಿದೆ, ಅಕಾರ ಬಿಟ್ಟುಹೋಗಿದೆ ಅಂತ ಬರೆದಿದ್ದೀರಿ."

"ಹೌದು ಸರ್. ಅದನ್ನು ಕೇಳಿ ನಗುವೂ ಬಂತು."

"ಆದರೆ ಇಲ್ಲಿ 'ಅಜೀರ್ಣವಾದರೆ' ಅಂತಲೇ ಇದೆಯಲ್ಲ. ನನ್ನ ಕಣ್ಣೆದುರಿಗೇ ಇದೆ. ಇಂಥವೇ ಇನ್ನೂ ಕೆಲವು ಇವೆ. ಅಪಾಯ ಅನ್ನೋದು ಪಾಯ ಆಗಿದೆ ಅಂದಿದ್ದೀರಿ, ಅದೂ ಸರಿಯಾಗೇ ಇದೆ."

ಫೋನು ಹಿಡಿದುಕೊಂಡೇ ಆ ಸಾಲಿಗೆ ಹೋಗಿ ಅಕ್ಷರ ಅಕ್ಷರವಾಗಿ ಕೇಳಿದೆ. ಅ. ಜೀ. ಇಡೀ ಪ್ಯಾರಾ ಓದಿಸಿದೆ. "ಅಜೀರ್ಣವಾದರೆ" ಎಂದು ದನಿ ಚೊಕ್ಕವಾಗಿ ಹೇಳಿತು. ಹಿಂದಿನ ದಿನ ಅದೇ ದನಿ "ಜೀರ್ಣವಾದರೆ" ಎಂದದ್ದು ನನ್ನ ಕಿವಿಯಲ್ಲಿ ಇನ್ನೂ ಇತ್ತು. "ನೋಡ್ತೀನಿ ಸರ್" ಎಂದು ಫೋನಿಟ್ಟೆ.

ಕಾಯಿಲೆ ಸದಾ ಇದ್ದರೆ ಹುಡುಕುವುದು ಸುಲಭ. ಇದು ಬೇಕೆಂದಾಗ ಬಾರದ ಕಾಯಿಲೆ. ಒಂದು ಸಲ ಅಕ್ಷರ ನುಂಗುತ್ತಿತ್ತು, ಅದನ್ನೇ ಮತ್ತೆ ಕೇಳಿಸಿದರೆ ಸರಿಯಾಗಿ ಹೇಳುತ್ತಿತ್ತು. ನನ್ನ ಗಂಡ ಹಾನುಬಾಳಿನಿಂದ ಸಕಲೇಶಪುರಕ್ಕೆ ಜೀಪು ಓಡಿಸುತ್ತಾರೆ. ಯಾವ ರಿಪೇರಿಯಾದರೂ ಅವರ ಮೊದಲ ಮಾತು ಒಂದೇ.

"ವೈರ್ ಲೂಸ್ ಇರ್ಬೇಕು ಕಣೇ. ಬೇರೆ ಹೆಡ್‌ಫೋನ್ ತಂದ್ಕೊಡ್ತೀನಿ, ಹಾಕ್ ನೋಡು."

ಬೇರೆಯದು ತಂದರು. ಅದರಲ್ಲೂ ನುಂಗಿತು.

ದೂರದ ಊರಿನ ತರಬೇತಿ ಕೇಂದ್ರದಲ್ಲಿ ನನಗೆ ಕಂಪ್ಯೂಟರ್ ಕಲಿಸಿದ ಮೇಷ್ಟ್ರಿಗೆ ಫೋನು ಮಾಡಿದೆ. ಅವರೂ ನನ್ನ ಹಾಗೆ ಕಣ್ಣಿಲ್ಲದವರು. ಲಿನಕ್ಸನ್ನು ನಮಗೆ ಹಚ್ಚಿಸಿದ್ದೇ ಅವರು. ಅದರಲ್ಲಿ ಪರದೆಯ ಚಿತ್ರಗಳನ್ನು ಹುಡುಕಿ ಒತ್ತಬೇಕಾಗಿಲ್ಲ, ಆಜ್ಞೆಯನ್ನು ಸಾಲಾಗಿ ಬರೆದರೆ ಸಾಕು, ಉತ್ತರವೂ ಸಾಲಾಗಿಯೇ ಬರುತ್ತದೆ. ಸಾಲು ಎಂದರೆ ನಮ್ಮ ಕಿವಿಗೆ ದಕ್ಕುವಂಥದ್ದು ಎನ್ನುತ್ತಿದ್ದರು. ಅವರು ಪರಿಹಾರ ಹೇಳಲಿಲ್ಲ.

"ಊಹೆ ಮಾಡಬೇಡಮ್ಮ. ಒಂದು ಸಲಕ್ಕೆ ಒಂದನ್ನೇ ಬದಲಿಸು. ಏನಾಯ್ತು ಅಂತ ಕೇಳು. ಆಮೇಲೆ ಇನ್ನೊಂದು," ಅಂದರು.

ಹಾಗೇ ಮಾಡಿದೆ. ಮೊದಲು, ಅಕಾರವನ್ನೇ ನುಂಗುತ್ತಿದೆಯೇ ಎಂದು ನೋಡಬೇಕಿತ್ತು. ಬಾಳೆ, ಮೆಣಸು, ಸೌದೆ, ಗುಬ್ಬಿ ಎಂದು ಒಂದೊಂದು ಸಾಲಿಗೆ ಒಂದೊಂದು ಪದ ಬರೆದು ಓದಿಸಿದೆ. ಬೇಗಬೇಗ ಒತ್ತಿದರೆ ಎಲ್ಲವೂ ಸರಿಯಾಗಿ ಬಂದವು. ಸ್ವಲ್ಪ ತಡೆದು ಒತ್ತಿದರೆ ಬಾಳೆ "ಳೆ" ಆಯಿತು, ಗುಬ್ಬಿ "ಬ್ಬಿ" ಆಯಿತು. ಇಂಗ್ಲಿಷಿನ ದನಿ ಹಾಕಿದರೆ ಅದೂ ಮೊದಲ ತುಣುಕನ್ನು ನುಂಗಿತು. ಅಂದರೆ ಅಕಾರದ ಮೇಲೆ ಅದಕ್ಕೆ ದ್ವೇಷವಿರಲಿಲ್ಲ. ಸುಮ್ಮನಿದ್ದು ಮಾತು ಶುರು ಮಾಡುವಾಗ ಮೊದಲ ಚೂರು ಹೋಗುತ್ತಿತ್ತು, ಯಾವ ಅಕ್ಷರವಾದರೂ ಸರಿ. ಅಕಾರ ಹೋದಾಗ ಮಾತ್ರ ಅರ್ಥ ತಲೆಕೆಳಗಾಗುತ್ತಿದ್ದುದರಿಂದ ಅದೇ ನನ್ನ ಗಮನಕ್ಕೆ ಬಂದಿತ್ತು. ನಾನು ತಪ್ಪು ಬರೆಯಲೆಂದು ತಡೆದಾಗ, ಒಂದು ವಾಕ್ಯದ ಬಗ್ಗೆ ಯೋಚಿಸುತ್ತ ಕೂತಾಗ ಯಂತ್ರದೊಳಗೆ ಏನೋ ನಿದ್ದೆ ಹೋಗುತ್ತಿತ್ತು.

ಅದು ತಿಳಿದ ಹೊತ್ತಿನಲ್ಲಿ ನನಗಾದ ಖುಷಿ ಇಷ್ಟೆಂದು ಹೇಳಲಾರೆ. ದೋಷ ಇನ್ನೂ ಸಿಕ್ಕಿರಲಿಲ್ಲ. ಆದರೂ ನನ್ನ ಕಿವಿ ಕೆಟ್ಟಿಲ್ಲ ಎನ್ನುವುದು ಖಾತ್ರಿಯಾಗಿತ್ತು.

ಲಿನಕ್ಸ್‌ನಲ್ಲಿ ಎಲ್ಲ ತಂತ್ರಾಂಶಗಳ ಶಬ್ದವನ್ನೂ ಒಟ್ಟುಮಾಡಿ ಹೆಡ್‌ಫೋನಿಗೆ ಕಳಿಸುವ ಒಂದು ಏರ್ಪಾಡಿದೆ. ಯಾವ ಶಬ್ದವೂ ಇಲ್ಲದಿದ್ದರೆ ಅದು ಕೆಲವು ಕ್ಷಣ ಕಾದು ಬಾಗಿಲು ಹಾಕಿಕೊಂಡುಬಿಡುತ್ತದೆ. ಮತ್ತೆ ಶಬ್ದ ಬಂದಾಗ ಬಾಗಿಲು ತೆಗೆಯುವಷ್ಟರಲ್ಲಿ ಮೊದಲ ಚೂರು ಹೊರಗೇ ಉಳಿಯುತ್ತದೆ. ಇದನ್ನು ನಾನು ಒಂದಿಡೀ ಬೆಳಿಗ್ಗೆ ಇಂಗ್ಲಿಷಿನ ಸಹಾಯಪುಟಗಳನ್ನು ಕೇಳಿ ಕೇಳಿ ಅರ್ಥ ಮಾಡಿಕೊಂಡೆ. ಬಾಗಿಲು ಹಾಕಬೇಡ ಎಂದು ಒಂದು ಸಾಲು ಬರೆದು ಸೇರಿಸಿದೆ. ಬಾಳೆ "ಬಾಳೆ" ಆಯಿತು. ಎಷ್ಟು ತಡೆದು ಒತ್ತಿದರೂ "ಬಾಳೆ"ಯೇ.

ಪ್ರಕಾಶಕರಿಗೆ ಫೋನು ಮಾಡಿ, "ಸಿಕ್ಕಿತು ಸರ್, ಸರಿ ಮಾಡಿದೆ" ಅಂದೆ. ಅವರೂ ಸಂತೋಷಪಟ್ಟರು. ಮುಂದಿನ ಅಧ್ಯಾಯಗಳನ್ನು ಕೇಳಿ ಕಳಿಸಿದೆ.

ಆಮೇಲೆ ಬಂದ ಫೋನಿನಲ್ಲಿ ಅವರ ದನಿ ಮೆತ್ತಗಿತ್ತು. ಮೆತ್ತಗಿದ್ದದ್ದೇ ನನಗೆ ಕಷ್ಟವಾಯಿತು.

"ಮೇಡಂ, ಈ ಸಲ ಉಲ್ಟಾ ಆಗಿದೆ. ಕಾಮಾಲೆಯ ಅಧ್ಯಾಯದಲ್ಲಿ 'ಅಪಥ್ಯವನ್ನು ತಪ್ಪದೆ ಪಾಲಿಸಬೇಕು' ಅಂತ ಟೈಪಾಗಿತ್ತು. ನೀವು ಬಿಟ್ಟುಬಿಟ್ಟಿದ್ದೀರಿ. ಪುಣ್ಯಕ್ಕೆ ಡಾಕ್ಟರೇ ನೋಡಿ ಹೇಳಿದರು."

ಅಕ್ಷರ ಜೋಡಿಸಿದವರು ಎಲ್ಲಿಂದಲೋ ಒಂದು ಅಕಾರ ತಂದು ಅಂಟಿಸಿದ್ದರು. ನನಗೆ ಕೇಳಿಸಿದ್ದು "ಪಥ್ಯವನ್ನು" ಎಂದು. ಸರಿಯಾಗಿಯೇ ಇದೆಯಲ್ಲ ಎಂದು ಮುಂದೆ ಹೋಗಿದ್ದೆ. ಇಲ್ಲದ ತಪ್ಪನ್ನು ಇದೆ ಎನ್ನುವುದು ಒಂದು ತಮಾಷೆಯಾದರೂ ಆಗುತ್ತದೆ. ಇರುವ ತಪ್ಪನ್ನು, ಅದೂ ಕಾಯಿಲೆಯವರು ಓದುವ ಪುಸ್ತಕದಲ್ಲಿ, ಬಿಟ್ಟುಬಿಡುವುದು ತಮಾಷೆಯಲ್ಲ.

"ಉಳಿದ ಅಧ್ಯಾಯಗಳನ್ನ ನಾನೇ ನೋಡ್ತೀನಿ ಬಿಡಿ. ನೀವು ಸ್ವಲ್ಪ ವಿಶ್ರಾಂತಿ ತಗೊಳ್ಳಿ," ಅಂದರು. ಒಳ್ಳೆಯ ಮನುಷ್ಯರು. ಒಂದು ಬಿರುಸು ಮಾತಾಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಹೇಳಿದೆ. ಅವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ್ದು ನನಗೆ ಗೊತ್ತಾಯಿತು.

"ಬೇರೆ ಲ್ಯಾಪ್‌ಟಾಪ್ ನೋಡಾನ?"

"ಬೇಡ. ಇದ್ರಲ್ಲೇ ಏನೋ ಐತೆ. ಹುಡುಕ್ತೀನಿ," ಅಂದೆ. ಇಲ್ಲಿಗೆ ಬಂದಮೇಲೆ ನನ್ನ ಬಾಯಲ್ಲೂ ಇಲ್ಲಿನ ಮಾತೇ ಬರುತ್ತದೆ.

ಅವರು ಜೀಪು ತೆಗೆದುಕೊಂಡು ಹೋದಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಬಾಳೆ ಸರಿಯಾಗಿತ್ತು. ಮೆಣಸು ಸರಿಯಾಗಿತ್ತು. ನಾನು ಬರೆದು ಸೇರಿಸಿದ ಸಾಲು ಇದ್ದಲ್ಲೇ ಇತ್ತು. ಎಲ್ಲಿಯೂ ದೋಷವಿಲ್ಲ. ಬಹಳ ಹೊತ್ತು ಒತ್ತಿ ಒತ್ತಿ ಬೇಸರ ಬಂದು ಎದ್ದುಬಿಡೋಣ ಅಂದುಕೊಂಡಾಗ ಬಾಳೆ "ಳೆ" ಅಂದಿತು. ಗುಬ್ಬಿಯೂ ಹೋಯಿತು. ಈಗ ಕ್ಷಣಮಾತ್ರ ತಡೆದರೂ ಸಾಕು, ನುಂಗುತ್ತಿತ್ತು. ಮೊದಲಿಗಿಂತ ಹಸಿವು ಜಾಸ್ತಿಯಾಗಿದೆಯಲ್ಲ ಎಂದು ಕಂಗಾಲಾದೆ. ನಾನು ಏನನ್ನೂ ಬದಲಿಸಿರಲಿಲ್ಲ. ಹಾಗಿದ್ದರೆ ಬದಲಾದದ್ದು ಏನು?

ಆಗ ಅತ್ತೆ ಬಂದು ಭುಜ ಮುಟ್ಟಿದರು. ಹೆಡ್‌ಫೋನ್ ಸರಿಸಿದೆ.

"ಕರೆಂಟ್ ಹೋಗ್ಬುಟ್ತಲ್ಲೇ. ನನ್ ಟೀವಿ ಬಾಯ್ ಮುಚ್ಕಂತು. ನಿಂದು ಹೆಂಗೆ ಇನ್ನೂ ಮಾತಾಡ್ತೈತೆ?"

"ಇದ್ರಲ್ಲಿ ಬ್ಯಾಟರಿ ಐತೆ ಅತ್ತೆ," ಎಂದು ಹೇಳುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದೆ. "ಯಾವಾಗ್ ಹೋಯ್ತು ಕರೆಂಟು?"

"ಈಗ್ಲೇ. ಸೀರಿಯಲ್ ಇನ್ನೇನ್ ಶುರುವಾಗ್ಬೇಕಿತ್ತು."

ಎಲ್ಲರಿಗೂ ಕರೆಂಟು ಹೋದದ್ದು ಗೊತ್ತಾಗುತ್ತದೆ, ದೀಪ ಆರುತ್ತದೆ. ನನಗೆ ದೀಪ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಮ್ಮ ಕಡೆ ಆ ತಿಂಗಳಲ್ಲಿ ಯಾರೂ ಫ್ಯಾನ್ ಹಾಕುವುದಿಲ್ಲ. ಇಂಟರ್‌ನೆಟ್ ಫೋನಿನಿಂದ ಬರುತ್ತಿದ್ದುದರಿಂದ ಅದೂ ನಿಲ್ಲುತ್ತಿರಲಿಲ್ಲ. ಓದುವಾಗ ಮಧ್ಯೆ ಬಾಯಿ ಹಾಕುತ್ತವೆಂದು ಲ್ಯಾಪ್‌ಟಾಪಿನ ಎಚ್ಚರಿಕೆಗಳನ್ನೆಲ್ಲ ನಾನೇ ಮುಚ್ಚಿಸಿದ್ದೆ. ಟೀವಿ ನಿಂತದ್ದು ಹೆಡ್‌ಫೋನಿನಿಂದಾಗಿ ಕೇಳುತ್ತಿರಲಿಲ್ಲ. ಕಾಫಿ ಗಿಡ ಹೂ ಬಿಡಲೆಂದು ನೀರು ಕೊಡಲು ತೋಟಗಳಲ್ಲಿ ಮೋಟಾರು ಓಡುವ ಕಾಲ ಅದು. ಕರೆಂಟು ದಿನವೂ ಹೋಗಿ ಬಂದು ಮಾಡುತ್ತಿತ್ತು. ನನಗೊಬ್ಬಳಿಗೆ ಅದರ ಸುಳಿವೇ ಇರಲಿಲ್ಲ.

ಕರೆಂಟು ಬರುವ ತನಕ ಅತ್ತೆಯನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ಬಂತು ಎಂದು ಅವರು ಹೇಳಿದ ಕೂಡಲೇ ಒತ್ತಿದೆ. "ಬಾಳೆ." ಕೈಚಾಚಿ ಗೋಡೆಯಿಂದ ಪ್ಲಗ್ ಕಿತ್ತೆ, ಒಂದು ಉಸಿರು ಬಿಟ್ಟು ಒತ್ತಿದೆ. "ಳೆ." ಪ್ಲಗ್ ಚುಚ್ಚಿದೆ. "ಬಾಳೆ." ಕಿತ್ತೆ. "ಳೆ."

"ಅದೇನ್ ಆಟ ಕಣೇ ಅದು?" ಅಂದರು ಅತ್ತೆ.

"ಸಿಕ್ತು ಅತ್ತೆ," ಅಂದೆ.

ಯಂತ್ರದೊಳಗೆ ಮಲಗುವವರು ಇಬ್ಬರಿದ್ದರು. ಒಬ್ಬನನ್ನು ನಾನು ಆಗಲೇ ಎಬ್ಬಿಸಿದ್ದೆ. ಎರಡನೆಯವನು ಶಬ್ದ ಹೊರಡಿಸುವ ಚಿಪ್. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುವಾಗ ಚಾರ್ಜು ಉಳಿಸಲೆಂದು ಒಂದು ತಂತ್ರಾಂಶ ಅಲ್ಲಿ ಇಲ್ಲಿ ಕತ್ತರಿ ಹಾಕುತ್ತದೆ. ಮಾತು ನಿಂತು ಒಂದು ಸೆಕೆಂಡಾಯಿತೋ ಇಲ್ಲವೋ, ಚಿಪ್ಪನ್ನೂ ಮಲಗಿಸಿಬಿಡುತ್ತದೆ. ಅದರ ಆಯ್ಕೆಗಳನ್ನು ಮೊದಲಿನಿಂದ ಒಂದೊಂದೇ ಸಾಲು ಕೇಳುತ್ತಾ ಹೋದೆ. ಡಿಸ್ಕು, ವೈಫೈ, ಪರದೆಯ ಬೆಳಕು ಎಲ್ಲ ಆದಮೇಲೆ ಶಬ್ದದ ಸಾಲು ಬಂತು. ಬ್ಯಾಟರಿಯ ಮೇಲಿದ್ದಾಗ ಒಂದು ಸೆಕೆಂಡು ಎಂದಿತ್ತು. ಅದನ್ನು ಅಳಿಸಿ ಸೊನ್ನೆ ಬರೆದೆ. ಸೊನ್ನೆ ಎಂದರೆ ಮಲಗಿಸಲೇಬೇಡ. ಉಳಿಸಿ, ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದೆ.

ಇನ್ನೊಂದು ಜೊತೆ ಕಿವಿ ಬೇಕೆನಿಸಿತು. ದನಿಯ ವೇಗ ಇಳಿಸಿ, ಗಂಡ ತಂದಿದ್ದ ಹೊಸ ಹೆಡ್‌ಫೋನಿನ ಒಂದು ಬದಿಯನ್ನು ಅತ್ತೆಯ ಕಿವಿಗೆ ಒತ್ತಿ, ಇನ್ನೊಂದನ್ನು ನನ್ನ ಕಿವಿಗೆ ಹಿಡಿದುಕೊಂಡೆ. ನಮ್ಮಿಬ್ಬರ ತಲೆ ತಾಗುತ್ತಿತ್ತು. ಪ್ಲಗ್ ಕಿತ್ತೆ. ಸುಮ್ಮನೆ ಕೂತೆವು. ಹೊರಗೆ ರಸ್ತೆಯಲ್ಲಿ ಬಸ್ಸೊಂದು ನಿಂತು ಹೊರಟಿತು. ಆಮೇಲೆ ಒತ್ತಿದೆ.

"ಅಪಥ್ಯ," ಅಂದಿತು ದನಿ.

"ಏನಂತು ಅತ್ತೆ?"

"ಅಪಥ್ಯ ಅಂತೈತೆ. ಕನ್ನಡಾನೇ ಕಣೇ ಇದು," ಅಂದರು ಅತ್ತೆ.

ಮತ್ತೆ ತಡೆದು ಒತ್ತಿದೆ. ಅಜೀರ್ಣ. ಅಪಾಯ. ಅಸಾಧ್ಯ. ಒಂದೊಂದು ಅಕಾರವೂ ಬಾಗಿಲು ತಟ್ಟಿ ಒಳಗೆ ಬಂದ ಹಾಗೆ ಬಂತು. ಅತ್ತೆ ಅಷ್ಟನ್ನೂ ನನ್ನ ಜೊತೆ ಕೇಳಿದರು. ಸೀರಿಯಲ್ ಶುರುವಾಗಿದ್ದರೂ ಎದ್ದು ಹೋಗಲಿಲ್ಲ.

ಪ್ರಕಾಶಕರಿಗೆ ಈ ಸಲ ಸಿಕ್ಕಿತು ಎಂದು ಫೋನು ಮಾಡಲಿಲ್ಲ. ಕೆಲವು ದಿನ ಸುಮ್ಮನಿದ್ದು, ಕರೆಂಟು ಇದ್ದಾಗಲೂ ಹೋದಾಗಲೂ ಕೇಳಿ ನೋಡಿದೆ. ಕರೆಂಟು ಹೋದ ಕೂಡಲೇ ಕೂಗಿ ಹೇಳುವ ಕೆಲಸವನ್ನು ಅತ್ತೆ ತಾವಾಗಿಯೇ ವಹಿಸಿಕೊಂಡಿದ್ದರು. ಒಂದು ಅಕ್ಷರವೂ ತಪ್ಪಲಿಲ್ಲ. ಆಮೇಲೆ ಫೋನು ಮಾಡಿ, ನಡೆದದ್ದನ್ನೆಲ್ಲ ಹೇಳಿ, "ಆ ಪುಸ್ತಕವನ್ನು ಮೊದಲ ಪುಟದಿಂದ ಇನ್ನೊಂದು ಸಲ ನನಗೆ ಕೊಡಿ ಸರ್" ಎಂದು ಕೇಳಿದೆ.

"ನಾನೂ ನೋಡಿದ್ದೀನಿ, ಡಾಕ್ಟರೂ ನೋಡಿದ್ದಾರೆ ಮೇಡಂ. ಅಚ್ಚಿಗೆ ಹೋಗೋದೊಂದೇ ಬಾಕಿ."

"ಇರಲಿ ಸರ್. ನಾನು ಕೇಳಿಲ್ಲವಲ್ಲ."

"ಸರಿ, ಕಳಿಸ್ತೀನಿ" ಅಂದರು.

ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನೇ ಕೇಳಿದೆ. ಇಬ್ಬರು ಕಣ್ಣಿದ್ದವರ ಕಣ್ಣಿಗೆ ಬೀಳದ ತಪ್ಪುಗಳು ಅದರಲ್ಲಿ ಇನ್ನೂ ಇದ್ದವು. ಅದು ಅವರ ಕೊರತೆಯಲ್ಲ, ಕಣ್ಣಿನಿಂದ ಓದುವವರಿಗೆ ಇರಬೇಕಾದದ್ದೇ ಕಾಣುವುದು ಸಹಜ. ಆದರೂ ಅವನ್ನು ಒಂದೊಂದಾಗಿ ಬರೆಯುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಕಳಿಸಿದ ಮೇಲೆ ಅವರು ಫೋನು ಮಾಡಿ ಮುಂದಿನ ಪುಸ್ತಕದ ಮಾತೆತ್ತಿದರು. ಹಳೆಯ ಮಾತನ್ನು ಇಬ್ಬರೂ ಆಡಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಅತ್ತೆಗೆ ಸಾಕಾಗಿರಲಿಲ್ಲ. ಬಾಳ್ಳುಪೇಟೆಯ ಸಂತೆಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳುತ್ತಿದ್ದರಂತೆ. "ನಮ್ ಸೊಸೆ ಕಂಪ್ಯೂಟರಿಗೆ ನಾಲ್ಗೆ ತಿರುಗ್ತಿರ್ಲಿಲ್ಲ ಕಣ್ರೀ. ಅವ್ಳೇ ಸರಿ ಮಾಡ್ಬುಟ್ಳು. ನಾನೂ ಕಿವಿಯಾರೆ ಕೇಳಿದೀನಿ." ಈ ಮಾತು ಗಂಡನ ಜೀಪಿನ ಪ್ರಯಾಣಿಕರ ಬಾಯಿಂದ ಸುತ್ತಿ ಬಳಸಿ ಮನೆಗೆ ಬಂದಾಗ ಅವರು ಊಟ ಮುಗಿಯುವ ತನಕ ನಕ್ಕರು.

ಮೇಷ್ಟ್ರ ಒತ್ತಾಯಕ್ಕೆ ನಾನು ಇಡೀ ಹುಡುಕಾಟವನ್ನು ಕನ್ನಡದಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಅವರಿಗೆ ಕಳಿಸಿದೆ. ಅವರು ಅದನ್ನು ತಮ್ಮ ಶಿಷ್ಯರಿಗೆ ಹಂಚಿದರು. ಅದು ಎಲ್ಲೆಲ್ಲಿಗೆ ಹೋಯಿತೋ ತಿಳಿಯದು. ಒಂದು ದಿನ ಆಲೂರು ಕಡೆಯಿಂದ ಗಂಡ ಹೆಂಡತಿ ಮನೆ ಹುಡುಕಿಕೊಂಡು ಬಂದರು. ಅವರಲ್ಲಿ ಗಂಡ ನಿವೃತ್ತ ಹೈಸ್ಕೂಲು ಅಧ್ಯಾಪಕರು, ಈಚೆಗೆ ದೃಷ್ಟಿ ಹೋಗಿತ್ತು. ಲ್ಯಾಪ್‌ಟಾಪನ್ನು ಚೀಲದಲ್ಲಿ ಹೊತ್ತು ತಂದಿದ್ದರು. ಅದೂ ಲಿನಕ್ಸೇ.

"ನೀವು ಹೇಳಿದ್ದನ್ನೇ ಮಾಡಿಸ್ದೆ. ಆದ್ರೂ ನಡುನಡುವೆ ದನಿ ಹೋಗ್ತೈತೆ," ಅಂದರು.

ನನ್ನ ಮದ್ದನ್ನೇ ಅವರಿಗೂ ಕೊಡುವ ಆಸೆ ನನಗೂ ಬಂತು. ತಡೆದುಕೊಂಡೆ. ಕೂತು ಕೇಳಿದೆ. ಇದು ಬೇರೆ ಕಾಯಿಲೆ. ಮೊದಲ ಅಕ್ಷರವಲ್ಲ, ಓದುತ್ತಿರುವಾಗಲೇ ನಡುವೆ ತುಂಡಾಗುತ್ತಿತ್ತು. ಪ್ಲಗ್ ಕಿತ್ತೆ, ವ್ಯತ್ಯಾಸವಿಲ್ಲ. ಅವರ ವೈರಿಲ್ಲದ ಹೆಡ್‌ಫೋನ್ ಬಿಟ್ಟು ನನ್ನ ವೈರಿನದನ್ನು ಹಾಕಿದೆ, ನಿಂತಿತು. ಮತ್ತೆ ಅವರದನ್ನು ಹಾಕಿದೆ, ಬಂತು. ಆಗ ಅವರ ಜೇಬಿನಲ್ಲಿ ಫೋನು ಒಮ್ಮೆ ಗುರ್ ಎಂದಿತು. ಅದೇ ಗಳಿಗೆಗೆ ದನಿ ಕಡಿದುಹೋಯಿತು.

"ಸರ್, ಈ ಹೆಡ್‌ಫೋನನ್ನ ಫೋನಿಗೂ ಸೇರ್ಸಿದ್ದೀರಾ?"

"ಹೌದು. ಹಾಡು ಕೇಳಕ್ಕೆ ಅಂತ."

ಫೋನಿಗೆ ಸಂದೇಶ ಬಂದಾಗಲೆಲ್ಲ ಹೆಡ್‌ಫೋನ್ ಅತ್ತ ತಿರುಗಿ ಇತ್ತ ಮಾತು ಕಡಿಯುತ್ತಿತ್ತು. ಅವರ ಹೆಂಡತಿಯ ಕೈಯಲ್ಲಿ ಫೋನಿನ ಕಡೆಯ ನಂಟು ಬಿಡಿಸಿದೆ. ಅವರು ತಮಗೆ ಬೇಕಾದ ಲೇಖನವೊಂದನ್ನು ಹಾಕಿಸಿಕೊಂಡು ಕೇಳಲು ಕೂತರು. ಫೋನು ಮತ್ತೆ ಗುರ್ ಎಂದಿತು, ಆಮೇಲೂ ಒಮ್ಮೆ. ಅವರು ಅಲುಗಲಿಲ್ಲ. ಅತ್ತೆ ಕಾಫಿ ತಂದಿಟ್ಟದ್ದು ಆರಿತು. ಲೇಖನ ಮುಗಿದಮೇಲೆ ಹೆಡ್‌ಫೋನ್ ತೆಗೆದು ಅವರು ನನ್ನ ಕಡೆಗೆ ತಿರುಗಿದರು.

"ಬರ್ತೀನಿ ಟೀಚರ್," ಅಂದರು.

ಎಷ್ಟೋ ವರ್ಷ ಅವರನ್ನು ಊರೆಲ್ಲ ಮೇಷ್ಟ್ರೇ ಎಂದು ಕರೆದಿರಬೇಕು. ನಾನು ಯಾವ ಶಾಲೆಯಲ್ಲೂ ಪಾಠ ಹೇಳಿದವಳಲ್ಲ. ಆದರೂ ಹಾಗನ್ನಬೇಡಿ ಎನ್ನಲಿಲ್ಲ. "ಹೋಗಿ ಬನ್ನಿ" ಎಂದು ಬಾಗಿಲ ತನಕ ಹೋಗಿ ಕಳಿಸಿಕೊಟ್ಟೆ.